ಮುಂಬಯಿಯ ಹತ್ತಿಯ ಸಂಭ್ರಮವೂ ಗತಾನುಗತಿಕ ಧನವಿನಿಯೋಗವೂ (೧೮೬೧–೧೮೬೫)

೧. ವಿಷಯಪ್ರವೇಶ

ಮುಂದಿನ ಕುರಿಯು ಹೋದ ದಾರಿಯಲ್ಲಿ ಹಿಂಡೆಲ್ಲವೂ ಹೋಗುವುದನ್ನು ನೋಡಿ ನಮ್ಮ ಶಾಸ್ತ್ರಕಾರರು ಗಡ್ಡರಿಕಾಪ್ರವಾಹನ್ಯಾಯವೆಂಬ ಲೌಕಿಕ ನ್ಯಾಯವೊಂದನ್ನು ಕಲ್ಪಿಸಿರುವರು. ಸ್ವಂತ ವಿಚಾರವಿಲ್ಲದೆ ಪರರನ್ನು ಅನುಸರಿಸುವ ಜನರನ್ನು ನಿಂದಿಸುವುದಕ್ಕಾಗಿಯೇ ಇದನ್ನು ಪ್ರಯೋಗಿಸುವುದು ರೂಢಿ. ಆದರೆ ವಾಣಿಜ್ಯದಲ್ಲಿ ಗತಾನುಗತಿಕತ್ವವು ಯಾವಾಗಲೂ ಮೌಢ್ಯವೇ ಆಗಿರಬೇಕೆಂಬ ನಿಯಮವಿಲ್ಲ. ಬೆಲೆಯು ಏರುತ್ತಿರುವಾಗ ಕೊಂಡು, ಇಳಿಯತೊಡಗಿದೊಡನೆ ಮಾರಿಬಿಡುವುದು ಒಂದು ವ್ಯವಸ್ಥಿತ ಪದ್ಧತಿಯೇ ಆಗಿದೆ. ಈ ಪದ್ಧತಿಯನ್ನು ಹಿಡಿದವನು ಬೆಲೆಯು ಏಕೆ ಏರಿತೆಂದು ವಿಚಾರಿಸುತ್ತ ಕೂಡುವುದಿಲ್ಲ. ಏರುತ್ತಿರುವುದೋ ಇಳಿಯುತ್ತಿರುವುದೋ ಎಂಬಷ್ಟನ್ನೇ ನೋಡುವನು. ಅರ್ಥಶಾಸ್ತ್ರಜ್ಞನೆಂದೂ ಲಂಡನ್ನಿನ ಷೇರುಪೇಟೆಯ ಚತುರ ವರ್ತಕನೆಂದೂ ಪ್ರಸಿದ್ಧನಾದ ಡೇವಿಡ್ ರಿಕಾರ್ಡೋವಿನ ಹೆಸರಿನಲ್ಲಿ ಇಂಥದೊಂದು ಸೂತ್ರವು ೧೮೩೦ರ ದಶಕದಷ್ಟು ಹಿಂದೆಯೇ ಗ್ರಂಥಸ್ಥವಾಗಿದೆ. ನಷ್ಟವನ್ನು ಬೇಗನೆ ಕಡಿದುಹಾಕಬೇಕು, ಲಾಭವನ್ನು ಬೆಳೆಯಗೊಡಬೇಕು ಎಂಬುದು ಅದರ ತಾತ್ಪರ್ಯ.

ಈ ಸೂತ್ರಕ್ಕೆ ಎರಡು ಅಂಗಗಳಿರುವುದು ಸ್ಪಷ್ಟವಾಗಿದೆ. ಪ್ರವಾಹದೊಡನೆ ಹೋಗುವುದು ಒಂದು. ಪ್ರವಾಹವು ತಿರುಗಿದಾಗ ಹೊರಬರುವುದು ಇನ್ನೊಂದು. ದೂರದೇಶಗಳ ರಾಜ್ಯಶಕ್ತಿಗಳ ಏರುಪೇರಿನಿಂದ ಹುಟ್ಟಿದ ಬೆಲೆಯ ಪ್ರವಾಹದಲ್ಲಿ ಮೊದಲನೆಯ ಅಂಗವನ್ನು ಮಾತ್ರ ಹಿಡಿದು ಎರಡನೆಯದನ್ನು ಕೈಬಿಟ್ಟ ನಗರವೊಂದಕ್ಕೆ ಏನಾಯಿತೆಂಬುದಕ್ಕೆ ೧೮೬೧ರಿಂದ ೧೮೬೫ರವರೆಗಿನ ಮುಂಬಯಿಯ ಇತಿಹಾಸಕ್ಕಿಂತ ಸ್ಫುಟವಾದ ಉದಾಹರಣೆಯು ದೊರೆಯುವುದು ಕಷ್ಟ. ಆ ಇತಿಹಾಸದಲ್ಲಿ ಕನ್ನಡನಾಡಿನ ಭಾಗವೊಂದಕ್ಕೂ ಪಾತ್ರವಿದ್ದುದರಿಂದ ಕನ್ನಡ ವಿದ್ವಾಂಸರಿಗೆ ಇದು ಅನ್ಯವಿಷಯವಲ್ಲ.

೨. ಪ್ರವಾಹದ ಮೂಲ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಗಿರಣಿಗಳು ನೂಲುತ್ತಿದ್ದ ಅರಳೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಗುಲಾಮರ ದುಡಿಮೆಯಿಂದ ಬೆಳೆದುದಾಗಿದ್ದಿತು. ಹಿಂದುಸ್ಥಾನದ ಹತ್ತಿಯ ಎಳೆಯು ಗಿಡ್ಡ. ಅದರಲ್ಲಿ ಕಸಕಡ್ಡಿಗಳ ಬೆರಕೆಯೂ ಹೆಚ್ಚು. ಆದುದರಿಂದ ಅಮೆರಿಕದ ಬೆಳೆಯು ಕಡಿಮೆಯಾದ ವರ್ಷಗಳಲ್ಲಿ ಮಾತ್ರ ಗಿರಣಿಯವರು ಇದರ ಕಡೆಗೆ ಕಣ್ಣು ಹಾಯಿಸುತ್ತಿದ್ದರು.

೧೮೬೧ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಅಂತರ್ಯುದ್ಧವು ಆರಂಭವಾಯಿತು. ಅದೇ ತಿಂಗಳ ೧೯ರಂದು ಅಧ್ಯಕ್ಷ ಲಿಂಕನ್ನನು ದಕ್ಷಿಣದ ಬಂದರುಗಳಿಗೆ ನೌಕಾನಿರ್ಬಂಧವನ್ನು ಘೋಷಿಸಿದನು. ಹತ್ತಿಯಿಲ್ಲದೆ ಇಂಗ್ಲೆಂಡು ಬದುಕಲಾರದಾದುದರಿಂದ ಅದು ತಮ್ಮ ಪಕ್ಷವನ್ನು ವಹಿಸಲೇಬೇಕಾಗುವುದೆಂದು ದಕ್ಷಿಣದವರು ನಂಬಿದ್ದರು. ಆ ನಂಬಿಕೆಯು ಸುಳ್ಳಾಯಿತು. ಇಂಗ್ಲೆಂಡು ಮೇ ತಿಂಗಳಲ್ಲಿ ತಾಟಸ್ಥ್ಯವನ್ನು ಸಾರಿತು. ಅರಳೆಯ ಅಭಾವದಿಂದ ಲ್ಯಾಂಕಷೈರಿನ ಗಿರಣಿಗಳು ಒಂದೊಂದಾಗಿ ನಿಂತು, ಲಕ್ಷಾಂತರ ಕೆಲಸಗಾರರು ನಿರುದ್ಯೋಗಿಗಳಾದರು. ಲಿವರ್‌ಪೂಲಿನ ಪೇಟೆಯಲ್ಲಿ ಪೌಂಡು ತೂಕಕ್ಕೆ ಐದು ಪೆನ್ಸುಗಳ ಆಸುಪಾಸಿನಲ್ಲಿದ್ದ ಹಿಂದುಸ್ಥಾನದ ಅರಳೆಯ ಬೆಲೆಯು ೧೮೬೪ರಲ್ಲಿ ಇಪ್ಪತ್ತು ಪೆನ್ಸುಗಳನ್ನೂ ಮೀರಿತು. ಹಿಂದುಸ್ಥಾನದಿಂದ ರಫ್ತಾದ ಹತ್ತಿಯ ಮೌಲ್ಯವು ೧೮೫೯–೬೦ರಲ್ಲಿ ಸುಮಾರು ೫೬ ಲಕ್ಷ ಪೌಂಡುಗಳಷ್ಟಿದ್ದುದು ೧೮೬೪–೬೫ರಲ್ಲಿ ಸುಮಾರು ೩ ಕೋಟಿ ೭೫ ಲಕ್ಷ ಪೌಂಡುಗಳಿಗೆ ಏರಿತು. ಇಲ್ಲಿ ತೂಕದಲ್ಲಾದ ಹೆಚ್ಚಳಕ್ಕಿಂತ ಬೆಲೆಯಲ್ಲಾದ ಹೆಚ್ಚಳವೇ ಬಹಳ ದೊಡ್ಡದೆಂಬುದನ್ನು ಮರೆಯಲಾಗದು. ನೆಲವು ಆರು ಪಾಲು ಹೆಚ್ಚು ಫಲವನ್ನು ಕೊಟ್ಟಿರಲಿಲ್ಲ. ಪರರ ಯುದ್ಧವು ಅದೇ ಫಲಕ್ಕೆ ಹೊಸ ಮೌಲ್ಯವನ್ನು ಕಟ್ಟಿದ್ದಿತು.

೩. ಧಾರವಾಡದ ಅರಳೆ

ಈ ಹತ್ತಿಯ ಒಂದು ಭಾಗವು ಧಾರವಾಡ ಜಿಲ್ಲೆಯ ಎರೆಭೂಮಿಯಿಂದ ಹೋಗುತ್ತಿದ್ದಿತು. ಅಲ್ಲಿ ಎರಡು ಬಗೆಯ ಹತ್ತಿಗಳಿದ್ದುವು: ಹಿಂದಿನಿಂದ ಬಂದ ಜವಾರಿ ಹತ್ತಿ, ೧೮೪೦ರ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ಬೀಜದಿಂದ ನೆಲೆಗೊಂಡ ವಿಲಾಯತಿ ಹತ್ತಿ. ಜವಾರಿ ಅರಳೆಯು ಗಾಡಿಗಳಲ್ಲಿಯೂ ಹೇರೆತ್ತುಗಳ ಮೇಲೆಯೂ ಘಟ್ಟವನ್ನಿಳಿದು ಕುಮಟೆಯ ಬಂದರಿನಲ್ಲಿ ಹಡಗನ್ನೇರಿ ಮುಂಬಯಿಗೆ ಹೋಗುತ್ತಿದ್ದುದರಿಂದ, ಅದಕ್ಕೆ ಪೇಟೆಯಲ್ಲಿ ಕುಮಟಾ ಹತ್ತಿಯೆಂಬ ಹೆಸರೇ ನಿಂತಿತು. ಬೆಳೆದ ಊರಿನ ಹೆಸರು ಹೋಗಿ ಸಾಗಿಸಿದ ಬಂದರಿನ ಹೆಸರು ಉಳಿದುದು ವಾಣಿಜ್ಯದ ದೃಷ್ಟಿಯು ಎಲ್ಲಿತ್ತೆಂಬುದಕ್ಕೆ ಸಾಕ್ಷಿಯಾಗಿದೆ.

ಅಮೆರಿಕದ ಯುದ್ಧದಿಂದ ಈ ಕರಾವಳಿಯ ಭೂಪಟವೇ ಬದಲಾಯಿತೆಂದರೆ ಅತಿಶಯೋಕ್ತಿಯಲ್ಲ. ಕಾರವಾರದ ಬಂದರನ್ನು ಬೆಳೆಸಿ ಧಾರವಾಡದ ಹತ್ತಿಯನ್ನು ನೇರವಾಗಿ ಇಂಗ್ಲೆಂಡಿಗೆ ಸಾಗಿಸಬೇಕೆಂಬುದು ಮ್ಯಾಂಚೆಸ್ಟರಿನ ವರ್ತಕರ ಆಸೆಯಾಗಿದ್ದಿತು. ಬೆಳೆಯುವ ಜಿಲ್ಲೆಯು ಮುಂಬಯಿ ಆಧಿಪತ್ಯಕ್ಕೂ ಬಂದರು ಮದರಾಸಿನ ಆಧಿಪತ್ಯಕ್ಕೂ ಸೇರಿದ್ದುದು ಅದಕ್ಕೆ ಅಡ್ಡಿಯೆಂದು ಎಣಿಸಲ್ಪಟ್ಟು, ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮುಂಬಯಿಗೆ ವರ್ಗವಾಯಿತು. ಮುಂದೆ ಕನ್ನಡ ಜನರು ಏಕೀಕರಣದ ಕಾಲದಲ್ಲಿ ಎದುರಿಸಬೇಕಾಗಿ ಬಂದ ವಿಭಾಗಗಳಲ್ಲಿ ಒಂದು ಹೀಗೆ ಮಿಸಿಸಿಪ್ಪಿ ನದಿಯ ತೀರದ ಯುದ್ಧದೊಡನೆ ಸಂಬಂಧವುಳ್ಳದ್ದು. ಆದರೆ ಕಾರವಾರದ ಬಗೆಗಿನ ದೊಡ್ಡ ಕನಸುಗಳು ನೆರವೇರಲಿಲ್ಲ. ಯುದ್ಧವು ಮುಗಿದ ಮೇಲೆ ಮ್ಯಾಂಚೆಸ್ಟರಿನವರ ಉತ್ಸಾಹವು ತಗ್ಗಿತು. ೧೮೮೦ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದಾಗ ಅದು ಸಮುದ್ರವನ್ನು ಮುಟ್ಟಿದುದು ಪೋರ್ತುಗೀಜರ ಮರ್ಮಗೋವೆಯಲ್ಲಿ. ಹುಬ್ಬಳ್ಳಿಯಿಂದ ಘಟ್ಟವನ್ನಿಳಿದು ಕಾರವಾರದ ಕಡೆಗೆ ಹೋಗುವ ಮಾರ್ಗವು ಇಪ್ಪತ್ತನೆಯ ಶತಮಾನವು ಮುಗಿಯುವವರೆಗೂ ನಿರ್ಮಾಣವಾಗಲಿಲ್ಲ.

ಬೆಲೆಯೇರಿದಂತೆಲ್ಲ ಬೆರಕೆಯೂ ಏರಿತು. ವಿಲಾಯತಿಯಲ್ಲಿ ಜವಾರಿಯನ್ನೂ ಅರಳೆಯಲ್ಲಿ ಹತ್ತಿಕಾಳನ್ನೂ ಮಣ್ಣನ್ನೂ ಸೇರಿಸಿ ತೂಕಮಾಡುವ ಮೋಸವನ್ನು ತಡೆಯಲು ಮುಂಬಯಿ ಸರಕಾರವು ೧೮೬೩ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು.

೪. ಅರಳೆಯಿಂದ ಷೇರಿಗೆ

ಯುದ್ಧದ ಐದು ವರ್ಷಗಳಲ್ಲಿ ವಾಡಿಕೆಯ ಬೆಲೆಗಿಂತ ಹೆಚ್ಚಾಗಿ ಮುಂಬಯಿಗೆ ಬಂದ ಹಣವು ಏಳು ಕೋಟಿ ಪೌಂಡುಗಳಿಗೂ ಮಿಕ್ಕಿದ್ದಿತೆಂದು ಹತ್ತೊಂಬತ್ತನೆಯ ಶತಮಾನದ ಲೇಖಕರು ಲೆಕ್ಕಹಾಕಿದ್ದಾರೆ. ಹಾಸಿಗೆ ದಿಂಬುಗಳನ್ನು ಬಿಚ್ಚಿ ಹಳೆಯ ಹತ್ತಿಯನ್ನೂ ಮಾರಿದರೆಂಬ ಮಾತು ಆ ಕಾಲದ ವರ್ಣನೆಗಳಲ್ಲಿದೆ. ಈ ಹಣಕ್ಕೆ ಹೊಸ ನೆಲೆಯು ಬೇಕಾಯಿತು. ನಗರದಲ್ಲಿ ಗಿರಣಿಗಳು ಆಗಿನ್ನೂ ಕೆಲವೇ. ಯಂತ್ರವನ್ನು ತರಿಸಿ ಕಟ್ಟುವುದಕ್ಕೆ ವರ್ಷಗಳು ಬೇಕು. ಷೇರಿನ ಕಾಗದವು ಮಾತ್ರ ಒಂದೇ ದಿನದಲ್ಲಿ ಹುಟ್ಟಬಲ್ಲುದು. ೧೮೬೫ರ ಜನವರಿಯ ಹೊತ್ತಿಗೆ ಮುಂಬಯಿಯಲ್ಲಿ ೩೧ ಬ್ಯಾಂಕುಗಳೂ ೧೬ ಹಣಕಾಸಿನ ಮಂಡಲಿಗಳೂ ೮ ಭೂಮಿಯ ಕಂಪನಿಗಳೂ ಇದ್ದುವು.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬ್ಯಾಕ್ ಬೇ ಕಂಪನಿ. ನಗರದ ಪಶ್ಚಿಮದ ಕಡಲಂಚನ್ನು ತುಂಬಿಸಿ ನೆಲವನ್ನು ಪಡೆಯುವುದು ಅದರ ಉದ್ದೇಶ. ಮುಂಬಯಿ ಸರಕಾರವು ತಾನೇ ೪೦೦ ಷೇರುಗಳನ್ನು ಪಡೆಯಬೇಕೆಂದಿದ್ದಿತು. ಹಿಂದುಸ್ಥಾನ ಸರಕಾರವು ಅದಕ್ಕೆ ಒಪ್ಪಲಿಲ್ಲ. ಆ ೪೦೦ ಷೇರುಗಳನ್ನು ೧೮೬೪ರಲ್ಲಿ ಹರಾಜುಮಾಡಿದಾಗ ಷೇರೊಂದಕ್ಕೆ ಸರಾಸರಿ ೨೬,೫೦೦ ರೂಪಾಯಿಗಳಂತೆ ೧ ಕೋಟಿ ೬ ಲಕ್ಷ ರೂಪಾಯಿಗಳು ಬಂದುವು. ಷೇರೊಂದಕ್ಕೆ ಆವರೆಗೆ ಸಲ್ಲಿಸಬೇಕಾಗಿದ್ದ ಹಣ ೫,೦೦೦ ರೂಪಾಯಿಗಳು ಮಾತ್ರ. ಮುಂದೆ ಅದೇ ಷೇರು ೫೦,೦೦೦ ರೂಪಾಯಿಗಳವರೆಗೆ ಏರಿತು. ಕಡಲು ಮಾತ್ರ ಇದ್ದಲ್ಲಿಯೇ ಇದ್ದಿತು.

ಈ ಪ್ರವಾಹದ ನಾಯಕರೆಂದು ಖ್ಯಾತರಾದವರು ಪ್ರೇಮಚಂದ ರಾಯಚಂದರು (೧೮೩೧–೧೯೦೬). ಸೂರತದ ಜೈನ ಮನೆತನದಲ್ಲಿ ಹುಟ್ಟಿ, ಇಂಗ್ಲಿಷನ್ನು ಕಲಿತು, ಹತ್ತಿಯ ಹಾಗೂ ಷೇರಿನ ದಲ್ಲಾಳಿಗಳಾಗಿ ಪ್ರಾಬಲ್ಯಕ್ಕೆ ಬಂದ ಇವರು ಯಾವ ಕಂಪನಿಗೆ ಕೈಹಾಕಿದರೂ ಅದರ ಷೇರು ಏರುತ್ತಿದ್ದಿತು. ಏರುತ್ತಿದ್ದುದರಿಂದಲೇ ಎಲ್ಲರೂ ಅವರ ಹಿಂದೆ ಹೋಗುತ್ತಿದ್ದರು. ಇವರನ್ನು ಕೇವಲ ಖಳನಾಯಕರನ್ನಾಗಿ ಚಿತ್ರಿಸುವುದು ಸರಿಯಲ್ಲ. ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ತಾಯಿಯ ಹೆಸರಿನ ರಾಜಾಬಾಯಿ ಗೋಪುರಕ್ಕೂ ಇವರು ಕೊಟ್ಟ ನಾಲ್ಕು ಲಕ್ಷ ರೂಪಾಯಿಗಳು ಈ ವರ್ಷಗಳ ಸಂಪತ್ತಿನಿಂದಲೇ ಬಂದುವು. ಆ ಗೋಪುರವು ೧೮೭೮ರಲ್ಲಿ ಪೂರ್ಣವಾಯಿತು.

ಆದರೆ ಪ್ರವಾಹಕ್ಕೆ ಬಲವನ್ನು ಕೊಟ್ಟುದು ವ್ಯಕ್ತಿಗಳಿಗಿಂತ ಹೆಚ್ಚಾಗಿ ಎರಡು ವ್ಯವಸ್ಥೆಗಳು. ಮೊದಲನೆಯದು ವಾಯಿದೆಯ ವ್ಯಾಪಾರ. ಇಂದು ಹಣವನ್ನು ಕೊಡದೆ, ಮುಂದಿನ ಗೊತ್ತಾದ ದಿನದಲ್ಲಿ ಗೊತ್ತಾದ ಬೆಲೆಗೆ ಷೇರನ್ನು ಕೊಳ್ಳುವೆನೆಂದು ಒಪ್ಪಿಕೊಳ್ಳುವುದು ಇದರ ಸ್ವರೂಪ. ಆ ದಿನವು ಬರುವುದರೊಳಗೆ ಬೆಲೆಯೇರಿದರೆ ಕೈಯಿಂದ ಕಾಸು ಹಾಕದೆ ಲಾಭ. ಎರಡನೆಯದು ಬ್ಯಾಂಕಿನ ಸಾಲ. ೧೮೪೦ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬಾಂಬೆಗೆ ಕಂಪನಿಗಳ ಷೇರುಗಳನ್ನು ಒತ್ತೆಯಿಟ್ಟುಕೊಂಡು ಸಾಲಕೊಡುವ ವಿಷಯದಲ್ಲಿದ್ದ ಕಟ್ಟುಗಳು ೧೮೬೩ರ ಕಾಯಿದೆಯಿಂದ ಸಡಿಲವಾದುವು. ಷೇರನ್ನು ಒತ್ತೆಯಿಟ್ಟು ಸಾಲ. ಆ ಸಾಲದಿಂದ ಮತ್ತೆ ಷೇರು. ಆ ಕೊಳ್ಳುವಿಕೆಯಿಂದ ಬೆಲೆಯ ಏರಿಕೆ. ಏರಿದ ಬೆಲೆಯ ಮೇಲೆ ಇನ್ನಷ್ಟು ಸಾಲ. ಬೀಜಾಂಕುರನ್ಯಾಯದಂತೆ ಒಂದು ಇನ್ನೊಂದಕ್ಕೆ ಕಾರಣವಾಗುತ್ತ ಹೋಯಿತು.

೫. ಕಾಣಬಹುದಾಗಿದ್ದ ಕುರುಹುಗಳು

ಇಂಥ ಏರಿಕೆಯು ನಿಲ್ಲುವುದೆಂಬುದಕ್ಕೆ ಕುರುಹುಗಳು ಇರಲಿಲ್ಲವೆ? ೧೮೬೩ರ ಜನವರಿ ೧ರಂದು ಲಿಂಕನ್ನನ ದಾಸ್ಯವಿಮೋಚನೆಯ ಘೋಷಣೆಯು ಜಾರಿಗೆ ಬಂದ ಮೇಲೆ ಇಂಗ್ಲೆಂಡು ದಕ್ಷಿಣವನ್ನು ಮಾನ್ಯಮಾಡುವ ಸಂಭವವು ಕ್ಷೀಣಿಸಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಗೆಟಿಸ್‌ಬರ್ಗಿನಲ್ಲಿ ದಕ್ಷಿಣದ ಸೇನೆಯು ಸೋತಿತು. ವಿಕ್ಸ್‌ಬರ್ಗ್ ಕೋಟೆಯು ಬಿದ್ದಿತು. ೧೮೬೪ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಾ ನಗರವು ಉತ್ತರದವರ ವಶವಾಯಿತು. ನವೆಂಬರಿನಲ್ಲಿ ಲಿಂಕನ್ನನು ಮತ್ತೆ ಚುನಾಯಿತನಾದನು. ಇಷ್ಟಾದ ಮೇಲೂ ಮುಂಬಯಿಯಲ್ಲಿ ಹೊಸ ಕಂಪನಿಗಳು ಹುಟ್ಟುತ್ತಲೇ ಇದ್ದುವು.

ಇಲ್ಲಿ ಯೂರೋಪಿನ ಪೇಟೆಯೊಡನೆ ಒಂದು ಹೋಲಿಕೆಯು ಉಪಯುಕ್ತವಾಗಿದೆ. ೧೮೬೩ರ ಮಾರ್ಚಿಯಲ್ಲಿ ದಕ್ಷಿಣದ ಸರಕಾರವು ಎರ್ಲಾಂಗರ್ ಎಂಬ ಸಾಹುಕಾರಿ ಮನೆತನದ ಮೂಲಕ ೩೦ ಲಕ್ಷ ಪೌಂಡುಗಳ ಸಾಲವನ್ನೆತ್ತಿತು. ಸಾಲಪತ್ರವುಳ್ಳವರು ಬೇಕಾದರೆ ಅದನ್ನು ಹತ್ತಿಯ ರೂಪದಲ್ಲಿ ಪಡೆಯಬಹುದೆಂದು ಕರಾರಿದ್ದಿತು. ಗೆಟಿಸ್‌ಬರ್ಗ್ ವಿಕ್ಸ್‌ಬರ್ಗುಗಳ ಸುದ್ದಿಯು ಮುಟ್ಟಿದಾಗ ಲಂಡನ್ನಿನಲ್ಲಿ ಆ ಪತ್ರಗಳ ಬೆಲೆಯು ಕುಸಿಯಿತು. ಅದೂ ಹತ್ತಿಯ ಮೇಲಿನ ಪಂತವೇ. ಮುಂಬಯಿಯ ಷೇರೂ ಮೂಲತಃ ಹತ್ತಿಯ ಮೇಲಿನ ಪಂತವೇ. ಒಂದರ ಬೆಲೆಯು ರಣರಂಗದ ಸುದ್ದಿಗೆ ಅನುಸಾರವಾಗಿ ಅಲುಗಾಡಿತು. ಇನ್ನೊಂದರ ಬೆಲೆಯು ತನ್ನದೇ ಏರಿಕೆಗೆ ಅನುಸಾರವಾಗಿ ಏರಿತು. ಮುಂಬಯಿಯ ಷೇರುದಾರನು ಅನುಸರಿಸುತ್ತಿದ್ದುದು ಹತ್ತಿಯ ಗತಿಯನ್ನಲ್ಲ. ಹತ್ತಿಯ ಗತಿಯನ್ನು ಅನುಸರಿಸುವರೆಂದು ತಾನು ಭಾವಿಸಿದ್ದ ನೆರೆಯವರ ಗತಿಯನ್ನು.

೬. ಪತನ

೧೮೬೫ರ ಏಪ್ರಿಲ್ ೯ರಂದು ದಕ್ಷಿಣದ ಸೇನಾಪತಿ ಲೀಯು ಶರಣಾಗತನಾದನು. ಶಾಂತಿಯ ವದಂತಿಗಳಿಂದ ಮೊದಲೇ ಇಳಿಯತೊಡಗಿದ್ದ ಅರಳೆಯ ಬೆಲೆಯು ಈ ಸುದ್ದಿಯೊಡನೆ ಮುರಿದುಬಿದ್ದಿತು. ವಾಯಿದೆಯ ಒಪ್ಪಂದಗಳನೇಕಕ್ಕೆ ೧೮೬೫ರ ಜುಲೈ ೧ ಕೊನೆಯ ದಿನವಾಗಿದ್ದಿತು. ಆ ದಿನ ಎಲ್ಲರೂ ಕೊಡಬೇಕಾದವರೇ, ಕೊಡಬಲ್ಲವರು ಇರಲಿಲ್ಲ. ಪ್ರತಿಯೊಬ್ಬನ ಆಸ್ತಿಯೂ ಇನ್ನೊಬ್ಬನ ಮಾತೇ ಆಗಿದ್ದುದರಿಂದ, ಒಬ್ಬನ ಮಾತು ತಪ್ಪಿದೊಡನೆ ಸಾಲುಸಾಲಾಗಿ ಎಲ್ಲರೂ ದಿವಾಳಿಯಾದರು. ಈ ದಿವಾಳಿಗಳನ್ನು ಇತ್ಯರ್ಥಪಡಿಸಲು ಆ ವರ್ಷವೇ ವಿಶೇಷ ಕಾಯಿದೆಯು ಹುಟ್ಟಿತು. ಬ್ಯಾಕ್ ಬೇ ಷೇರು ೨,೦೦೦ ರೂಪಾಯಿಗಳಿಗೂ ಕೆಳಗಿಳಿಯಿತು. ೨,೮೫೦ ರೂಪಾಯಿಗಳನ್ನು ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು ೮೭ ರೂಪಾಯಿಗಳಿಗೆ ಮಾರಾಟವಾಯಿತು. ೧೮೬೬ರ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಸಂಸ್ಥೆಯು ಬಾಗಿಲು ಮುಚ್ಚಿದುದರಿಂದ ಗಾಯದ ಮೇಲೆ ಬರೆಯೆಳೆದಂತಾಯಿತು. ಬಂಡವಾಳದ ಬಹುಭಾಗವನ್ನು ಕಳೆದುಕೊಂಡ ಬ್ಯಾಂಕನ್ನು ೧೮೬೮ರಲ್ಲಿ ಮುಚ್ಚಿ, ಅದೇ ಹೆಸರಿನ ಹೊಸ ಬ್ಯಾಂಕನ್ನು ತೆರೆಯಬೇಕಾಯಿತು. ೧೮೬೪ರಲ್ಲಿ ೮,೧೬,೫೬೨ ಇದ್ದ ನಗರದ ಜನಸಂಖ್ಯೆಯು ೧೮೭೨ರ ಗಣತಿಯಲ್ಲಿ ೬,೪೪,೪೦೫ಕ್ಕೆ ಇಳಿದಿದ್ದಿತು.

೭. ಪೂರ್ವಪಕ್ಷಗಳ ವಿಚಾರ

ಈ ಅನರ್ಥಕ್ಕೆ ಕಾರಣವೇನೆಂಬ ವಿಷಯದಲ್ಲಿ ಎರಡು ಪಕ್ಷಗಳು ಪ್ರಚಾರದಲ್ಲಿವೆ. ದುರಾಶೆಯೇ ಕಾರಣವೆಂಬುದು ಮೊದಲನೆಯದು. ಸರ್ ದಿನ್‌ಶಾ ವಾಚಾ ಅವರು ೧೯೧೦ರಲ್ಲಿ ಪ್ರಕಟಿಸಿದ ಗ್ರಂಥವೇ ಮೊದಲಾದ ವರ್ಣನೆಗಳಲ್ಲಿ ಆ ಕಾಲದ ಉನ್ಮಾದವು ವಿಸ್ತಾರವಾಗಿ ಬಂದಿದೆ. ಆದರೆ ಆಶೆಯು ೧೮೫೫ರಲ್ಲಿಯೂ ಇದ್ದಿತು, ೧೮೭೫ರಲ್ಲಿಯೂ ಇದ್ದಿತು. ಎಲ್ಲ ಕಾಲಗಳಲ್ಲಿಯೂ ಇರುವ ಧರ್ಮವು ಒಂದು ಕಾಲದಲ್ಲಿ ಮಾತ್ರ ಆದ ಕಾರ್ಯಕ್ಕೆ ಅಸಾಧಾರಣ ಕಾರಣವಾಗಲಾರದು.

ಅಮೆರಿಕದ ಯುದ್ಧದ ಅಂತ್ಯವು ಯಾರ ಊಹೆಗೂ ನಿಲುಕದ ದೈವಘಟನೆಯೆಂಬುದು ಎರಡನೆಯ ಪಕ್ಷ. ಇದೂ ನಿಲ್ಲುವಂತಿಲ್ಲ. ಯುದ್ಧವು ಯಾವ ದಿನ ಮುಗಿಯುವುದೆಂಬುದು ತಿಳಿಯದಿದ್ದರೂ ಎಂದಾದರೊಂದು ದಿನ ಮುಗಿಯುವುದೆಂಬುದು ಬಾಲಕರಿಗೂ ತಿಳಿದ ವಿಷಯ; ಉತ್ತರದ ಕೈ ಮೇಲಾಗುತ್ತಿದ್ದುದು ವಾರ್ತಾಪತ್ರಗಳಲ್ಲಿಯೇ ಇದ್ದಿತು.

ಆದುದರಿಂದ ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕು. ಧಾರವಾಡದ ರೈತನೂ ಬೆಲೆಯ ಗತಿಯನ್ನೇ ಅನುಸರಿಸಿದನು. ಮುಂಬಯಿಯ ವರ್ತಕನೂ ಅದನ್ನೇ ಅನುಸರಿಸಿದನು. ಆದರೂ ಇಬ್ಬರ ಫಲವೂ ಒಂದೇ ಆಗಿರಲಿಲ್ಲ. ಶ್ರಾವಣ ಭಾದ್ರಪದಗಳಲ್ಲಿ ಬಿತ್ತಿ ಮಾಘ ಫಾಲ್ಗುಣಗಳಲ್ಲಿ ಹತ್ತಿಯನ್ನು ಬಿಡಿಸಿ ಮಾರಿದ ರೈತನ ಪಂತವು ಅಲ್ಲಿಗೆ ಮುಗಿಯುತ್ತಿದ್ದಿತು. ಮುಂದಿನ ಬಿತ್ತನೆಗೆ ಹತ್ತಿಯೋ ಜೋಳವೋ ಎಂದು ಅವನು ಹೊಸದಾಗಿ ಯೋಚಿಸಬಹುದಾಗಿದ್ದಿತು. ಬೆಲೆಯು ಬಿದ್ದ ವರ್ಷ ಅವನಿಗೆ ಒಂದು ಬೆಳೆಯ ಲಾಭವು ಹೋಯಿತು, ಭೂಮಿಯು ಉಳಿಯಿತು. ಏರಿದ ಬೆಲೆಯು ಹಾಗೆಯೇ ನಿಲ್ಲುವುದೆಂದು ನಂಬಿ ಸಾಹುಕಾರನಲ್ಲಿ ಸಾಲಮಾಡಿದ ರೈತನಿಗೆ ಮಾತ್ರ ಈ ಮಾತು ಅನ್ವಯಿಸದು. ೧೮೭೫ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಸಾಹುಕಾರರ ಮೇಲೆ ರೈತರು ದಂಗೆಯೆದ್ದಾಗ, ವಿಚಾರಣಾಮಂಡಲಿಯು ಯುದ್ಧಕಾಲದಲ್ಲಿ ಉಬ್ಬಿ ಆಮೇಲೆ ಕುಗ್ಗಿದ ಸಾಲವನ್ನೂ ಕಾರಣಗಳಲ್ಲೊಂದಾಗಿ ಎಣಿಸಿತು.

ವರ್ತಕನ ಸ್ಥಿತಿಯು ಈ ಸಾಲಗಾರ ರೈತನದರಂತೆ. ಅವನು ತಾತ್ಕಾಲಿಕವಾದ ಬೆಲೆಯನ್ನು ಶಾಶ್ವತವಾದ ಆಸ್ತಿಯನ್ನಾಗಿ ಪರಿವರ್ತಿಸಲು ಹೊರಟನು. ಅದೂ ಕೈಯಲ್ಲಿದ್ದ ಹಣದಿಂದಲ್ಲ, ಕೊಡುವೆನೆಂಬ ಮಾತಿನಿಂದ. ತುಂಬದ ಕಡಲಿನ ಷೇರನ್ನು ಎಲ್ಲರೂ ಒಮ್ಮೆಗೇ ಮಾರಹೊರಟರೆ ಕೊಳ್ಳುವವರು ಯಾರು? ಅನುಸರಣಸೂತ್ರದ ಎರಡನೆಯ ಅಂಗವಾದ ನಿರ್ಗಮನವು ಹೀಗೆ ಮೊದಲೇ ಮುಚ್ಚಿಹೋಗಿದ್ದಿತು. ಗತಿಯನ್ನು ಅನುಸರಿಸಿದುದು ದೋಷವಲ್ಲ. ಹಿಂದಿರುಗುವ ಬಾಗಿಲಿಲ್ಲದ ಮನೆಯೊಳಕ್ಕೆ ಅನುಸರಿಸಿ ಹೋದುದು ದೋಷ. ವ್ಯಕ್ತಿಗಳಿಗೆ ಸಂಭವಿಸಿದುದು ರಾಜ್ಯಗಳಿಗೂ ಸಂಭವಿಸಿತು. ಅದೇ ಹತ್ತಿಯ ಬೆಲೆಯನ್ನು ನಂಬಿ ವೆಚ್ಚವನ್ನೂ ಸಾಲವನ್ನೂ ಬೆಳೆಸಿದ ಈಜಿಪ್ತಿನ ಇಸ್ಮಾಯಿಲನ ಸರಕಾರವು ೧೮೭೬ರಲ್ಲಿ ಸಾಲವನ್ನು ತೀರಿಸಲಾರದೆ ನಿಂತಿತು. ೧೮೮೨ರಲ್ಲಿ ಆ ದೇಶವನ್ನು ಬ್ರಿಟಿಷರ ಸೇನೆಯು ಆಕ್ರಮಿಸಿತು.

೮. ಉಪಸಂಹಾರ

ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಪಣ್ಯಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯವನ್ನು ಹೇಳಿದೆ. ಯಾವ ಪದಾರ್ಥವು ಜನರಿಗೆ ಬೇಕು, ಯಾವುದು ಬೇಡ ಎಂಬುದನ್ನಲ್ಲದೆ, ಕೊಳ್ಳುವ ಕಾಲವನ್ನೂ ಮಾರುವ ಕಾಲವನ್ನೂ ಅವನು ತಿಳಿದಿರಬೇಕಂತೆ. ಎರಡು ಕಾಲಗಳನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಗಮನಾರ್ಹವಾಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಅನುಸರಣಪದ್ಧತಿಯು ಗಣಿತದ ನಿಯಮಗಳಿಗೆ ಒಳಪಟ್ಟಿತು. ೧೯೪೯ರಲ್ಲಿ ಅಮೆರಿಕದ ರಿಚರ್ಡ್ ಡಾಂಚಿಯನ್ ಎಂಬವರು ಇತರರ ಹಣವನ್ನು ಈ ರೀತಿಯಲ್ಲಿ ತೊಡಗಿಸುವ ಸಂಸ್ಥೆಯನ್ನು ಆರಂಭಿಸಿದರು. ನಿಯಮಗಳು ಸೂಕ್ಷ್ಮವಾದರೂ ಹಳೆಯ ಅಪಾಯವು ಹೋಗಲಿಲ್ಲ. ೨೦೨೨ರ ಫೆಬ್ರುವರಿಯಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿಹೋದಾಗ ಗೋಧಿ, ಎಣ್ಣೆ, ಲೋಹಗಳ ಬೆಲೆಗಳೆಲ್ಲ ಏರಿದುವು. ಮಾರ್ಚಿ ೮ರಂದು ಲಂಡನ್ನಿನ ಲೋಹಪೇಟೆಯಲ್ಲಿ ನಿಕ್ಕಲಿನ ಬೆಲೆಯು ಟನ್ನಿಗೆ ೧ ಲಕ್ಷ ಡಾಲರುಗಳನ್ನು ದಾಟಿದೊಡನೆ ಪೇಟೆಯ ಅಧಿಕಾರಿಗಳು ವ್ಯಾಪಾರವನ್ನು ನಿಲ್ಲಿಸಿ, ಆ ದಿನ ಆಗಿದ್ದ ವ್ಯವಹಾರಗಳನ್ನೇ ರದ್ದುಮಾಡಿದರು. ಗತಿಯನ್ನು ಸರಿಯಾಗಿ ಅನುಸರಿಸಿದವರಿಗೂ ಆ ದಿನದ ಲಾಭವು ದಕ್ಕಲಿಲ್ಲ. ಮುಂಬಯಿಯಲ್ಲಿ ಬಾಗಿಲು ತಾನಾಗಿ ಮುಚ್ಚಿದ್ದಿತು. ಲಂಡನ್ನಿನಲ್ಲಿ ಅದನ್ನು ಮುಚ್ಚಿದರು.

೧೮೬೫ರ ವೃತ್ತಾಂತವು ಇದುವರೆಗೆ ಬಹುಮಟ್ಟಿಗೆ ಮುಂಬಯಿಯ ಕಡೆಯಿಂದಲೇ ಬರೆಯಲ್ಪಟ್ಟಿದೆ. ಹುಬ್ಬಳ್ಳಿ, ಗದಗ, ಕುಮಟೆಗಳ ಹಳೆಯ ವರ್ತಕಮನೆತನಗಳಲ್ಲಿ ಆ ಕಾಲದ ಕೀರ್ದಿ ಖಾತೆಗಳು ಎಲ್ಲಿಯಾದರೂ ಉಳಿದಿದ್ದರೆ, ಅವುಗಳನ್ನು ನೋಡುವ ಸಂಶೋಧಕರು ಎಷ್ಟು ಅಂಡಿಗೆ ಅರಳೆಯನ್ನು ಯಾವ ಬೆಲೆಗೆ ಕೊಂಡರೆಂಬುದನ್ನು ಮಾತ್ರವಲ್ಲದೆ, ಯಾವ ದಿನ ಮಾರಿದರು, ಬಂದ ಹಣವನ್ನು ಯಾವುದರಲ್ಲಿ ಇಟ್ಟರು, ಅದನ್ನು ಹಿಂದಕ್ಕೆ ಪಡೆಯಲು ಅವರಿಗೆ ಸಾಧ್ಯವಿತ್ತೆ ಎಂಬುದನ್ನೂ ಗುರುತಿಸಬೇಕು. ಉಳಿದವರು ಯಾರು, ಅಳಿದವರು ಯಾರು ಎಂಬುದರ ನಿರ್ಣಯವು ಆ ಮೂರು ಬಾಬುಗಳಲ್ಲಿಯೇ ಅಡಗಿದೆ.